ಸ್ವಲ್ಪ ದಮ್ ಹಿಡೀರಿ ಸಾವಕಾರ್ರ

2023ರ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಜಮಖಂಡಿಯ ಜಿಮ್ ಒಂದರಲ್ಲಿ ಬೆಂಚಿನ ಮೇಲೆ ಮಲಗಿ ಭಾರ ಎತ್ತುತ್ತಿದ್ದ ರಬಕವಿಯ ಜವಳಿ ವ್ಯಾಪಾರಿಯೊಬ್ಬರು ಪ್ರಜ್ಞೆ ತಪ್ಪಿದರು. ಕಬ್ಬಿಣದ ಸರಳು ಅವರ ಎದೆಯ ಮೇಲೆ ಬಿತ್ತು. ಅವರಿಗೆ ವ್ಯಾಯಾಮ ಮಾಡಿಸುತ್ತಿದ್ದವಳು ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಪರ್ಸನಲ್ ಟ್ರೇನರ್ ಆಗಲು ಕಲಿಯುತ್ತಿದ್ದಳು. ಪಕ್ಕದ ಬೆಂಚಿನ ಹತ್ತಿರ ನಾನಿದ್ದೆ. ನಾನೂ ಅದನ್ನೇ ಕಲಿಯುತ್ತಿದ್ದೆ.

ವ್ಯಾಪಾರಿಗೆ ಮೂಳೆ ಮುರಿಯಲಿಲ್ಲ. ಆಸ್ಪತ್ರೆಗೆ ಸೇರಿಸುವಂಥದ್ದು ಏನೂ ಆಗಲಿಲ್ಲ. ಆದರೂ ಆ ಹುಡುಗಿಗೆ ಸಿಗಲಿದ್ದ ಕೆಲಸ ಅಲ್ಲಿಗೇ ತಪ್ಪಿತು.

ನಾನು ಅದಕ್ಕೂ ಮೊದಲು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಪತ್ರಿಕೆಯವರು ನಮ್ಮ ಭಾಗದ ಪುಟ ನಿಲ್ಲಿಸಿದರು. ಬೇರೆ ಕೆಲಸ ಹುಡುಕುವಾಗ ಜಿಮ್‌ನ ಹೊರಗೆ ಹಚ್ಚಿದ್ದ ಫ್ಲೆಕ್ಸ್ ಕಂಡಿತು: ಟ್ರೇನರ್ ಆಗಲು ತರಬೇತಿ, ಬೆಳಗಾವಿಯಿಂದ ಪರೀಕ್ಷಕರು ಬರುತ್ತಾರೆ, ಪಾಸಾದವರಿಗೆ ಸರ್ಟಿಫಿಕೇಟ್. ಮಾರ್ಚ್‌ನಲ್ಲಿ ಸೇರಿದೆ. ನಾವು ಮೂವರೇ ಇದ್ದೆವು. ಮೂರನೆಯವನು ಬೀಳಗಿ ತಾಲ್ಲೂಕಿನ ಗಲಗಲಿಯವನು, ಹೊಳೆಯಲ್ಲಿ ಈಜಿ ಬೆಳೆದ ದಪ್ಪ ತೋಳಿನ ಹುಡುಗ.

ಕಲಿಸುವವರು ಜಿಮ್‌ನ ಮಾಲೀಕರೇ. ಮುಧೋಳದ ಕಡೆಯ ಹಳ್ಳಿಯವರು, ಕುಸ್ತಿ ಆಡಿ ಆಡಿ ಎರಡೂ ಕಿವಿ ಮುದ್ದೆಯಾಗಿದ್ದವು. ಎಲ್ಲರೂ ಪೈಲ್ವಾನ್ ಸರ್ ಅನ್ನುತ್ತಿದ್ದರು. ಮೊದಲ ದಿನ ಅವರು ಕೇಳಿದ್ದು ಇದು:

"ಎತ್ತ ತರಾಕ ಸಂತಿಗಿ ಹೋಗೀರೇನ?"

"ಹೋಗೀನ್ರಿ, ನಮ್ಮ ಕಾಕಾನ ಕೂಡ" ಅಂದ ಗಲಗಲಿಯವನು.

"ಏನೇನ ನೋಡ್ತಾರ?"

"ಹಲ್ಲ ನೋಡ್ತಾರ್ರಿ. ನಡಿಗಿ ನೋಡ್ತಾರ. ಆಮ್ಯಾಲ ಸುಳಿ."

"ಹಾಂ, ಸುಳಿ. ಯಾವ ಸುಳಿ ಎಲ್ಲೈತಿ ನೋಡಿ, ಈ ಎತ್ತ ಮನಿಗಿ ಛಲೋನೋ ಕೆಟ್ಟೋ ಅಂತಾರ. ಎತ್ತಿಗಿ ಬ್ಯಾಸರ ಆಗ್ತೈತಿ ಅಂತ ಯಾರರ ಸುಮ್ಮ ಇರ್ತಾರೇನು? ನೀವು ಮನಷಾರ ಸುಳಿ ನೋಡಾಕ ಕಲೀಬೇಕು. ನೋಡಿ ಬಾಯಿ ಬಿಟ್ಟ ಹೇಳಬೇಕು. ನಾಚಿಕಿ ಬರ್ತೈತಿ ಅನ್ನಾವ್ರು ಈಗ ಮನಿಗಿ ನಡೀರಿ."

ಗಿರಾಕಿ ಹೇಗೆ ನಿಲ್ಲುತ್ತಾನೆ, ಯಾವ ಭುಜ ಜೋತಿದೆ, ಯಾವ ಮೊಣಕಾಲು ಒಳಗೆ ಬಾಗಿದೆ ಎಂದು ನೋಡುವುದು ಟ್ರೇನರ್‌ನ ಮೊದಲ ಕೆಲಸ. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿತ್ತು. ನಮ್ಮ ಜಿಮ್‌ನಲ್ಲಿ ಅದು 'ಸುಳಿ ನೋಡೂದು'. ಕನ್ನಡಿಯ ಮುಂದೆ ಒಂದು ಕಟ್ಟಿಗೆಯ ಮಣೆ ಇತ್ತು. ಒಬ್ಬರು ಅದರ ಮೇಲೆ ನಿಲ್ಲಬೇಕು, ಉಳಿದವರು ಅವರ ದೇಹದ ದೋಷಗಳನ್ನು ಗಟ್ಟಿಯಾಗಿ ಹೇಳಬೇಕು. ನಿಂತವರು ಬಾಯಿ ತೆರೆಯುವ ಹಾಗಿರಲಿಲ್ಲ. ಬೆಳಗಿನ ಬ್ಯಾಚಿಗೆ ಬಂದವರು ಭಾರ ಕೆಳಗಿಟ್ಟು ಸುತ್ತ ನಿಂತು ಕೇಳುತ್ತಿದ್ದರು. ಟೀವಿ ನೋಡುವುದಕ್ಕಿಂತ ಅವರಿಗೆ ಇದು ಹಿಡಿಸಿತ್ತು.

ನನ್ನ ಸುಳಿ ನೋಡಿದ್ದು ಗಲಗಲಿಯವನು. "ಕುತಗಿ ಮುಂದ ಬಂದೈತ್ರಿ. ಎದಿ ಒಳಗ ಹೋಗೇತಿ. ಕುಂಡಿ ಇಲ್ರಿ ಇವ್ರಿಗಿ" ಅಂದ. ಎಲ್ಲರೂ ನಕ್ಕರು. ಪೈಲ್ವಾನ್ ಸರ್ ನನ್ನ ಗದ್ದವನ್ನು ಬೆರಳಿನಿಂದ ಹಿಂದಕ್ಕೆ ದೂಡಿ, "ಕೊಕ್ಕರಿ" ಅಂದರು. ಅವತ್ತಿನಿಂದ ನಾನು ಕೊಕ್ಕರಿ. ಗಲಗಲಿಯವನು ದಂಡ ಹೊಡೆಯುವಾಗ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು, ಅವನು ಮೊಸಳಿ.

ಹುಡುಗಿ ಉದ್ದ ತೋಳಿನ ಟ್ರ್ಯಾಕ್‌ಸೂಟ್ ಹಾಕಿಕೊಂಡು, ಓಢಣಿಯನ್ನು ಸೊಂಟಕ್ಕೆ ಬಿಗಿದು ಮಣೆ ಹತ್ತಿದಳು. ಸರ್ ನನ್ನ ಕಡೆ ನೋಡಿ, "ಪೇಪರ್‌ನವಾ, ನೀ ಹೇಳು. ನೋಡಿದ್ದಷ್ಟ ಹೇಳು" ಅಂದರು. ಬಲಭುಜ ಎಡಕ್ಕಿಂತ ಕೆಳಗಿದೆ, ಬಲಗೈ ಎಡಗೈಗಿಂತ ದಪ್ಪ, ಬೆನ್ನು ಬಲಕ್ಕೆ ತಿರುಗಿದೆ ಎಂದೆ.

"ಯಾಕ ಹಂಗಾತು?"

ನಿಯಮ ಮುರಿದು ಅವಳೇ ಹೇಳಿದಳು: "ಕಂಡಿಕಿ ಸುತ್ತಿ ಸುತ್ತಿ ಹಂಗಾಗೇತ್ರಿ. ಸಾಲಿಗಿ ಹೋಗೂಕಿಂತ ಮೊದಲಿಂದ ಸುತ್ತಾಕತ್ತೇನಿ."

ಕಂಡಿಕಿ ಎಂದರೆ ಮಗ್ಗದ ಲಾಳಿಯೊಳಗೆ ಕೂಡಿಸುವ ಸಣ್ಣ ನೂಲಿನ ಸುರುಳಿ. ನೇಕಾರರ ಮನೆಗಳಲ್ಲಿ ಅದನ್ನು ಸುತ್ತುವುದು ಹೆಂಗಸರ ಕೆಲಸ. ಒಂದು ಕೈ ರಾಟಿ ತಿರುಗಿಸುತ್ತದೆ, ಇನ್ನೊಂದು ಎಳೆ ಹಿಡಿದಿರುತ್ತದೆ. ಮಗ್ಗ ನಡೆಯುವಷ್ಟು ಹೊತ್ತೂ ಅದು ನಿಲ್ಲುವಂತಿಲ್ಲ.

"ಹಂಗಾದ್ರ ನೀ ಕಂಡಿಕಿ" ಅಂದರು ಸರ್.

ಅವಳು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಮರುದಿನ ನಾನು ಕತ್ತು ಬಗ್ಗಿಸಿ ಶೂ ಕಟ್ಟುತ್ತಿದ್ದಾಗ ತಲೆಯ ಮೇಲಿಂದ ಅವಳ ದನಿ ಬಂತು: "ಕೊಕ್ಕರಿಯವ್ರ, ಕೆಳಗ ಮೀನ ಸಿಕ್ತೇನ್ರಿ?" ಮನೆಯಲ್ಲಿ ಪವರ್‌ಲೂಮಿನ ಸದ್ದಿನ ನಡುವೆ ಮಾತಾಡಿ ಅವಳ ದನಿ ಇಡೀ ಜಿಮ್‌ಗೆ ಕೇಳುತ್ತಿತ್ತು. ಪೈಲ್ವಾನ್ ಸರ್‌ಗೆ ಅವಳಲ್ಲಿ ಮೊದಲು ಹಿಡಿಸಿದ್ದು ಅದೇ. "ದನಿ ಅಂದ್ರ ಇದು. ಟ್ರೇನರ್‌ಗಿ ತ್ವಾಳ ಆಮ್ಯಾಲ, ಮೊದಲ ದನಿ ಬೇಕ" ಅನ್ನುತ್ತಿದ್ದರು.

ಜಿಮ್‌ನ ಮೇಲಿನ ಮಜಲು ಖಾಲಿ ಇತ್ತು. ಅಲ್ಲಿ ಹೆಂಗಸರ ಬ್ಯಾಚ್ ಶುರು ಮಾಡಬೇಕೆಂದು ಸರ್‌ಗೆ ಆಸೆ. ಏಪ್ರಿಲ್‌ನಲ್ಲಿ ಒಂದು ದಿನ, ಎಲ್ಲರ ಮುಂದೆ, ಅವಳಿಗೆ ಹೇಳಿದರು: "ಏ ಕಂಡಿಕಿ, ಪಾಸ್ ಆಗು. ಮ್ಯಾಲಿನ ಬ್ಯಾಚ್ ನಿಂದು."

ಅವಳು ಅಂದು ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದಳು. ಮುಧೋಳದ ಬಸ್ಸು ಹೋಗಿ ಬನಹಟ್ಟಿಯದು ಇನ್ನೂ ಬಂದಿರಲಿಲ್ಲ. "ನಮ್ಮಪ್ಪ ಪರೀಕ್ಷಾ ಮುಗಿಯೂತನಾ ಅಷ್ಟ ಹೂಂ ಅಂದಾನ್ರಿ. ಕೆಲಸ ಸಿಕ್ತು, ದಿನಾ ಬರ್ತೇನಿ. ಸಿಗಲಿಲ್ಲ, ರಾಟಿ ಮುಂದ ಕುಂಡ್ರೂದ. ನಮ್ಮವ್ವ ಕುಂತಾಳಲ್ಲ ಹಂಗ" ಅಂದಳು. ಬಸ್ಸು ಬಂತು.

ತರಬೇತಿಯ ಬಗ್ಗೆ ಜನ ಕೇಳಿದಾಗ ನಾನು ಹೇಳುವುದು, ಅದರಲ್ಲಿ ಅರ್ಧ ಸ್ನಾಯುಗಳ ಹೆಸರು ಬಾಯಿಪಾಠ, ಇನ್ನರ್ಧ ಕರುಣೆ ಬಿಡುವ ಅಭ್ಯಾಸ. ಭಾನುವಾರ ನಸುಕಿನಲ್ಲಿ ಹಿಪ್ಪರಗಿ ಬ್ಯಾರೇಜಿನ ಕಡೆ ಓಡಿಸುತ್ತಿದ್ದರು. ಬೇಸಿಗೆಯಲ್ಲಿ ಹೊಳೆ ಇಳಿದು ಬಂಡೆಗಳು ಮೇಲೆದ್ದಿದ್ದವು. ಕೊನೆಗೆ ಬಂದವರು ಮರಳು ತುಂಬಿದ ಚೀಲ ಹೊತ್ತು ಮತ್ತೆ ಓಡಬೇಕು. ಮೊದಲ ವಾರಗಳಲ್ಲಿ ಆ ಚೀಲ ಅವಳದೇ ಆಗಿತ್ತು. ಒಮ್ಮೆ ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ವಾಂತಿ ಮಾಡಿದಳು. ಬೈಕಿನ ಮೇಲೆ ಹಿಂದೆ ಬರುತ್ತಿದ್ದ ಸರ್ ನಿಲ್ಲಿಸಿ ನೋಡಿದರು.

"ಆತೇನ?"

"ಆತ್ರಿ."

"ಹಗರ ಆದಿ. ಇನ್ನ ಜೋರ ಓಡು."

ಮೊಸಳಿ ಅವಳ ಹಿಂದೆ ಓಡುತ್ತ ವಾಂತಿಯ ಸದ್ದು ಮಾಡುತ್ತಿದ್ದ. ಮೇ ತಿಂಗಳಲ್ಲಿ ಚೀಲ ಅವನ ಹೆಗಲಿಗೆ ಬಂತು. ಆಗ ಅವಳು ಅವನ ಪಕ್ಕದಲ್ಲೇ ಓಡುತ್ತ, "ಹೊಳಿ ಆ ಕಡೆ ಐತ್ಲೇ ಮೊಸಳಿ, ನೀರಿಗಿ ಇಳದ ಬಿಡು, ದಂಡಿ ಮ್ಯಾಲ ಯಾಕ ಹೊಳ್ಳಾಡ್ತಿ" ಅಂದಳು.

ಸುಳ್ಳು ಹೇಳುವುದನ್ನೂ ಕಲಿಸಿದರು. 'ಕಡೀದು', ಇದೇ ಕೊನೆಯದು ಎಂದು ಹೇಳಿದ ಮೇಲೆ ಇನ್ನೂ ಕೆಲವು ಸಲ ಎತ್ತಿಸಬೇಕು. ಗಿರಾಕಿ ಬೈದರೆ ಬೈಯಲಿ. ಕೊಬ್ಬು ಅಳೆಯುವ ಚಿಮಟಿಗೆಯಿಂದ ಹೊಟ್ಟೆ ಹಿಡಿದಾಗ ಅಂಕಿಯನ್ನು ಗಟ್ಟಿಯಾಗಿಯೇ ಓದಬೇಕು, ಗಿರಾಕಿಯ ಹೆಂಡತಿ ಜೊತೆಗಿದ್ದರೆ ಇನ್ನೂ ಗಟ್ಟಿಯಾಗಿ. "ಮರ್ಯಾದಿ ಹೋದ ಮನಷಾ ನಾಳಿಗಿ ಮತ್ತ ಬರ್ತಾನ" ಎಂಬುದು ಸರ್ ಅವರ ಲೆಕ್ಕ. ಅವರ ಮಟ್ಟಿಗೆ ಅದು ನಿಜವೇ ಇತ್ತು, ಬ್ಯಾಚುಗಳು ತುಂಬಿರುತ್ತಿದ್ದವು.

ಇಲ್ಲಿ ಒಂದು ಮಾತಿನ ವಿಷಯ ಹೇಳಬೇಕು. ನಮ್ಮ ಕಡೆ 'ದಮ್ ಹಿಡಿ' ಅಂದರೆ ತಡೆ, ಕಾಯಿ, ಅವಸರ ಮಾಡಬೇಡ ಅಂತ. ಬಸ್ಸಿನಲ್ಲಿ ಇಳಿಯುವವರಿಗೆ ಹೇಳುತ್ತಾರೆ, ಊಟಕ್ಕೆ ಕೂತ ಮಕ್ಕಳಿಗೆ ಹೇಳುತ್ತಾರೆ. ಗರಡಿಯಲ್ಲಿ ಅದಕ್ಕೆ ಇನ್ನೊಂದು ಅರ್ಥ: ಉಸಿರು ಕಟ್ಟಿ ಹಿಡಿ. ಪೈಲ್ವಾನ್ ಸರ್ ದಿನವಿಡೀ ಭಾರ ಎತ್ತುವವರಿಗೆ, "ದಮ್ ಹಿಡೀಲೇ! ದಮ್ ಹಿಡದ ಎತ್ತು!" ಎಂದು ಒದರುತ್ತಿದ್ದರು. ಅದೇ ಸರ್, ಪುಸ್ತಕದ ಪಾಠ ಮಾಡುವಾಗ, ಬೀಪಿ ಇದ್ದವರು ಭಾರ ಎತ್ತುವಾಗ ಉಸಿರು ಹಿಡಿಯಲೇಬಾರದು, ತಲೆ ತಿರುಗಿ ಬೀಳುತ್ತಾರೆ, ಪರೀಕ್ಷೆಯಲ್ಲಿ ಇದನ್ನು ಕೇಳೇ ಕೇಳುತ್ತಾರೆ ಎಂದು ಎರಡೆರಡು ಸಲ ಹೇಳಿದ್ದರು.

ಕೋರ್ಸಿನ ಕೊನೆಯ ತಿಂಗಳು ಪ್ರತಿಯೊಬ್ಬರೂ ಒಬ್ಬ ಗಿರಾಕಿಯನ್ನು ನೋಡಿಕೊಳ್ಳಬೇಕಿತ್ತು. ಜಿಮ್‌ಗೆ ಹೆಂಗಸರು ಇನ್ನೂ ಬರುತ್ತಿರಲಿಲ್ಲ. ಆದ್ದರಿಂದ ಸರ್ ಅವಳಿಗೆ ವಯಸ್ಸಾದ ಗಿರಾಕಿಯನ್ನೇ ಕೊಟ್ಟರು. ರಬಕವಿಯ ಜವಳಿ ಸಾವಕಾರರು. ಅರವತ್ತರ ಆಚೀಚೆ, ಬೀಪಿಯ ಗುಳಿಗೆ ತಗೊಳ್ಳುತ್ತಿದ್ದರು, ಡಾಕ್ಟರು ತೂಕ ಇಳಿಸಿ ಅಂದಿದ್ದರು. ಅಂಗಡಿಯಲ್ಲಿ ಬಿಳಿ ಧೋತರ, ಇಲ್ಲಿ ಹೊಸ ಟ್ರ್ಯಾಕ್ ಪ್ಯಾಂಟು. ಜಿಮ್ ಇದ್ದ ಕಟ್ಟಡ ಅವರ ಅಳಿಯನದು.

ಸಾವಕಾರರು ಅವಳನ್ನು ನೋಡಿದ ಕೂಡಲೇ ಗುರುತಿಸಿದರು. ಅವಳ ಅಪ್ಪ ಅವರ ನೂಲು ತಂದು ಸೀರೆ ನೇಯ್ದುಕೊಡುವ ನೇಕಾರ.

"ನೀ ಅವನ ಮಗಳಲ್ಲೇನ ಯವ್ವಾ? ಇಲ್ಲೇನ ಮಾಡಾಕತ್ತಿ?"

"ಟ್ರೇನಿಂಗ್ ರೀ ಸಾವಕಾರ್ರ."

"ನಮಗ ನೀ ಕಲಸಾಕಿ? ಛಲೋ ಆತ ಬಿಡು, ಕಾಲ ಬದಲಾತು" ಎಂದು ನಕ್ಕರು.

ಇಡೀ ಜಿಮ್‌ಗೆ ಕೇಳುತ್ತಿದ್ದ ಅವಳ ದನಿ ಅವರ ಮುಂದೆ ಮಾತ್ರ ಇಳಿಯಿತು. ಮೊಸಳಿಗೆ 'ಎತ್ತು', 'ಇಳಸು', 'ನಿಂದ್ರು' ಎಂದು ಒದರುವವಳು ಅವರಿಗೆ 'ಸ್ವಲ್ಪ ಎತ್ತೂನ್ರಿ', 'ಇಷ್ಟ ಸಾಕೇನ್ರಿ' ಅನ್ನುತ್ತಿದ್ದಳು. ಪೈಲ್ವಾನ್ ಸರ್ ಒಮ್ಮೆ ಬೈದರು: "ಸೀರಿ ತೋರಸಾಕತ್ತಿಯೇನ? ಹುಕುಂ ಮಾಡು." ಅವಳು ಹೂಂ ಅಂದಳು. ದನಿ ಏರಲಿಲ್ಲ. ಮನೆಗೆ ನೂಲು ಕೊಡುವವರಿಗೆ 'ನಿಲ್ಲಿಸು' ಎಂದು ಹೇಳುವುದು ಅವಳ ಬಾಯಿಗೆ ಬರುತ್ತಿರಲಿಲ್ಲ.

ಆ ಸೋಮವಾರ ಸಾವಕಾರರು ಬೆಂಚಿನ ಮೇಲೆ ಮಲಗಿ, ಅವಳು ಹೇಳುವ ಮೊದಲೇ ಸರಳನ್ನು ಕೊಂಡಿಯಿಂದ ಎತ್ತಿದರು. ಭಾರ ಹೆಚ್ಚೇನೂ ಇರಲಿಲ್ಲ. ಒಂದು ತುದಿಯಲ್ಲಿ ತಟ್ಟೆ ಜಾರದಂತೆ ಹಾಕುವ ಕ್ಲಿಪ್ ಇಲ್ಲದ್ದು ಅವಳಿಗೆ ಕಂಡಿತು. ತಡೀರಿ, ಅದನ್ನು ಹಾಕುತ್ತೇನೆ ಎಂಬ ಅರ್ಥದಲ್ಲಿ, "ಸ್ವಲ್ಪ ದಮ್ ಹಿಡೀರಿ ಸಾವಕಾರ್ರ" ಎಂದು ಹೇಳಿ, ಕ್ಲಿಪ್ ತೆಗೆದುಕೊಳ್ಳಲು ಬಾಗಿದಳು.

ಸಾವಕಾರರು ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ಉಸಿರು ಹಿಡಿದರು. ಸರಳನ್ನು ಎದೆಯ ಮಟ್ಟಕ್ಕೆ ಇಳಿಸಿ ಅಲ್ಲೇ ನಿಲ್ಲಿಸಿಕೊಂಡರು. ಮುಖ ಕೆಂಪಾಯಿತು, ಆಮೇಲೆ ಬೂದಿ ಬಣ್ಣ. ಕೈ ಸಡಿಲಾಗಿ ಸರಳು ಎದೆಯ ಮೇಲೆ ಬಿತ್ತು. ಅವಳು ತಿರುಗಿದವಳೇ ಸರಳನ್ನು ಒಬ್ಬಳೇ ಎಳೆದು ತೆಗೆದಳು, ಅದು ಕುತ್ತಿಗೆಯ ಕಡೆ ಉರುಳಲಿಲ್ಲ. ನಾನು ಹೋಗುವ ಹೊತ್ತಿಗೆ ಸಾವಕಾರರ ಕಾಲು ಎತ್ತಿ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಅವರು ಕಣ್ಣು ಬಿಟ್ಟರು.

ಅಷ್ಟರಲ್ಲಿ ಅವರ ಹೊಸ ಪ್ಯಾಂಟು ಒದ್ದೆಯಾಗಿತ್ತು. ಬೆಂಚಿನ ಅಂಚಿನಿಂದ ನೆಲಕ್ಕೆ ಹನಿಯುತ್ತಿತ್ತು. ಬ್ಯಾಚಿನವರೆಲ್ಲ ಸುತ್ತ ನಿಂತಿದ್ದರು. ಮೊಸಳಿ ನಕ್ಕ. ಸಣ್ಣಗೆ ಅಲ್ಲ, ಬಾಯಿ ತೆರೆದು. ಅವನನ್ನು ನೋಡಿ ಇನ್ನೂ ಕೆಲವರು ನಕ್ಕರು. ಸಾವಕಾರರು ಎದ್ದು ಕೂತಾಗ ಮೊದಲು ಕೇಳಿದ್ದು ಆ ನಗು. ಮೊದಲು ನೋಡಿದ್ದು, ತಮ್ಮ ಕಾಲು ಹಿಡಿದು ನಿಂತ ನೇಕಾರನ ಮಗಳನ್ನು. ಅವಳು ಓಢಣಿ ಬಿಚ್ಚಿ ಅವರ ಮಡಿಲ ಮೇಲೆ ಹಾಕಿದಳು. ಅವರು ಅದನ್ನು ತೆಗೆದು ನೆಲಕ್ಕೆ ಒಗೆದರು.

ಅವರನ್ನು ಕಾರಿನಲ್ಲಿ ಕಳಿಸಿ ಬಂದ ಸರ್ ನಮ್ಮನ್ನು ಮೇಲಿನ ಖಾಲಿ ಮಜಲಿಗೆ ಕರೆದರು. ನನ್ನನ್ನು ಕೇಳಿದರು:

"ನೀ ಬಾಜೂಕ ಇದ್ದಿ. ಅಕಿ ಏನಂದ್ಲು?"

"'ಸ್ವಲ್ಪ ದಮ್ ಹಿಡೀರಿ ಸಾವಕಾರ್ರ' ಅಂದ್ರು."

"ಬೀಪಿ ಇದ್ದಾವ್ರಿಗಿ ದಮ್ ಹಿಡೀರಿ ಅಂದ್ಲು?"

"ತಡೀರಿ ಅನ್ನೂ ಅರ್ಥದಾಗ ಅಂದ್ರು ಸರ್. ಕ್ಲಿಪ್ ಇರಲಿಲ್ಲ."

"ನಾ ಅರ್ಥ ಕೇಳಿಲ್ಲ. ಮಾತ ಕೇಳೇನಿ. ಮಾತ ಹೌದಲ್ಲ?"

"ಹೌದ್ರಿ."

ಅವಳು, "ಸರ್, ನಾವೆಲ್ಲಾರೂ ಹಂಗ ಅಂತೇವಲ್ರಿ, ನೀವೂ ಅಂತೀರಲ್ರಿ" ಅಂದಳು. ಸರ್, "ನಾ ಅಂದಾಗ ಯಾರೂ ಉಚ್ಚಿ ಹೊಯ್ಕೊಂಡಿಲ್ಲ" ಅಂದರು. ಮೊಸಳಿ ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು.

ಎರಡು ದಿನ ಬಿಟ್ಟು ರಬಕವಿಗೆ ಕ್ಷಮೆ ಕೇಳಲು ಹೋದೆವು. ಸರ್, ಹುಡುಗಿ, ಅವಳ ಅಪ್ಪ. ಸಾಕ್ಷಿಗೆಂದು ನನ್ನನ್ನೂ ಕರೆದಿದ್ದರು. ಸಾವಕಾರರು ಗಾದಿಯ ಮೇಲೆ ಕೂತಿದ್ದರು. ಪೈಲ್ವಾನ್ ಸರ್‌ಗೆ ಕುರ್ಚಿ ತರಿಸಿದರು. ಅವಳ ಅಪ್ಪ ಚಪ್ಪಲಿ ಬಿಡುವ ಜಾಗದಲ್ಲೇ ನಿಂತ.

"ತಪ್ಪಾತ್ರಿ ಸಾವಕಾರ್ರ. ಹುಡುಗಿ ಐತಿ, ತಿಳೀಲಿಲ್ಲ" ಅಂದ ಅಪ್ಪ.

"ಅಪ್ಪಾ, ನಾ ತಡೀರಿ ಅಂತ..."

"ಸುಮ್ನಿರು. ಕಾಲ ಮುಟ್ಟು."

ಅವಳು ಮುಟ್ಟಿದಳು. ಸಾವಕಾರರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಆಶೀರ್ವಾದವನ್ನೂ ಮಾಡಲಿಲ್ಲ. "ನಿನ್ನ ಮಗಳಿಗಿ ಮಗ್ಗ ಸಾಲದಾತೇನು? ಗಂಡಸರ ಎದಿ ಮ್ಯಾಲ ಕಬ್ಬಣ ಇಡೂ ಕೆಲಸ ಬೇಕಾತೇನು?" ಎಂದು ಅಪ್ಪನನ್ನು ಕೇಳಿದರು. ಅಪ್ಪ ನೆಲ ನೋಡುತ್ತಿದ್ದ. ಹೊರಡುವ ಮುಂಚೆ ಒಮ್ಮೆ ಕೆಮ್ಮಿ ಮೆಲ್ಲಗೆ ಕೇಳಿದ:

"ಸಾವಕಾರ್ರ, ಈ ವಾರದ ನೂಲು..."

"ಸ್ವಲ್ಪ ದಮ್ ಹಿಡಿ. ಮಾಲ ಇನ್ನಾ ಬಂದಿಲ್ಲ."

ಅವರ ಹಿಂದೆ ಗೋಡೆಯ ಎತ್ತರಕ್ಕೆ ನೂಲಿನ ಮೂಟೆಗಳಿದ್ದವು. ಅಪ್ಪ ಉಸಿರು ಹಿಡಿಯಲಿಲ್ಲ. "ಹೂನ್ರಿ" ಎಂದು ಹೇಳಿ ಚಪ್ಪಲಿ ಹಾಕಿಕೊಂಡ. ಹುಡುಗಿ ಪೈಲ್ವಾನ್ ಸರ್ ಮುಖ ನೋಡಿದಳು. ಅವರು ಸಾವಕಾರರು ಕೊಟ್ಟ ಚಹಾ ಕುಡಿಯುತ್ತಿದ್ದರು.

ಮರುದಿನದಿಂದ ಅವಳು ಜಿಮ್‌ಗೆ ಬರುವುದು ಬೇಡ, ಪರೀಕ್ಷೆಗೆ ಮಾತ್ರ ಬರಲಿ ಎಂದು ಸರ್ ಹೇಳಿದರು. ಅವಳು ಬರುವುದು ನಿಂತ ಮೇಲೆ ಅವಳ ಮನೆಗೆ ನೂಲು ಬಂತು. ಇದು ನಾನು ಕಂಡಿದ್ದಲ್ಲ, ಅವಳೇ ಫೋನಿನಲ್ಲಿ ಹೇಳಿದ್ದು. ಮಗ್ಗದ ಸದ್ದಿನಲ್ಲಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಓಣಿಯ ಹೆಂಗಸರನ್ನು ಜಗಲಿ ಮೇಲೆ ನಿಲ್ಲಿಸಿ ಅಭ್ಯಾಸ ಮಾಡುತ್ತಿದ್ದೇನೆ, ನೀರಿನ ಕ್ಯಾನು ಎತ್ತಿಸುತ್ತಿದ್ದೇನೆ ಅಂದಳು. ಮೇಲಿನ ಬ್ಯಾಚಿನ ಮಾತು ಎತ್ತಿದಾಗ, "ಪಾಸ್ ಆದ್ರ ಕೊಡ್ತೇನಿ ಅಂದಾರಲ್ರಿ ಸರ್. ಎಲ್ಲಾರ ಮುಂದ ಅಂದಾರ" ಅಂದಳು.

ಜಿಮ್‌ನಲ್ಲಿ ಅಷ್ಟರಲ್ಲಿ 'ದಮ್ ಹಿಡಿ' ಜೋಕಾಗಿತ್ತು. ಯಾರಾದರೂ ಶೌಚಾಲಯದ ಕಡೆ ಹೊರಟರೆ ಸಾಕು, "ದಮ್ ಹಿಡೀಪಾ, ದಮ್ ಹಿಡಿ" ಅನ್ನುತ್ತಿದ್ದರು.

ಜುಲೈನಲ್ಲಿ ಪರೀಕ್ಷಕರು ಬೆಳಗಾವಿಯಿಂದ ಬಂದರು. ಪ್ರತಿ ಅಭ್ಯರ್ಥಿ ತನ್ನ ಗಿರಾಕಿಯನ್ನು ಕರೆತರಬೇಕು, ಗಿರಾಕಿ ಇಲ್ಲದಿದ್ದರೆ ಪ್ರಾಯೋಗಿಕ ಪರೀಕ್ಷೆ ಇಲ್ಲ. ನಾನು ಬ್ಯಾಂಕಿನ ಒಬ್ಬರನ್ನು ಕರೆತಂದಿದ್ದೆ. ಮೊಸಳಿ ತನ್ನ ಗೆಳೆಯನನ್ನು. ಅವಳಿಗಾಗಿ ಬ್ಯಾಚಿನ ಕೆಲವರನ್ನು ನಾನೇ ಕೇಳಿದ್ದೆ. ಒಬ್ಬ, "ಮನ್ಯಾಗ ಹೆಂಡ್ತಿ ಪ್ಯಾಂಟ್ ಒಗ್ಯಂಗಿಲ್ರಿ" ಅಂದ. ಉಳಿದವರು ಭಾರ ಎತ್ತುವುದಕ್ಕೆ ತಿರುಗಿದರು.

ಅವಳು ತನ್ನ ತಾಯಿಯನ್ನು ಕರೆದುಕೊಂಡು ಬಂದಳು.

ತಾಯಿ ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗುಡಿಗೆ ಬಂದವರಂತೆ ಹೊಸ್ತಿಲು ಮುಟ್ಟಿ ಒಳಗೆ ಬಂದರು. ಎಲ್ಲ ಗೋಡೆಗೂ ಕನ್ನಡಿ. ತಮ್ಮನ್ನು ಅಷ್ಟು ಕಡೆಯಿಂದ ಒಟ್ಟಿಗೆ ಅವರು ಮೊದಲು ಕಂಡಿರಲಿಕ್ಕಿಲ್ಲ. ಪರೀಕ್ಷೆಯ ಮೊದಲ ಭಾಗ ದೇಹದ ನಿಲುವು ನೋಡುವುದು. ಅಭ್ಯರ್ಥಿ ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕು, ಪರೀಕ್ಷಕರು ಕೇಳಿ ಅಂಕ ಹಾಕುತ್ತಾರೆ. ಪೈಲ್ವಾನ್ ಸರ್ ಮಣೆ ತೋರಿಸಿದರು.

"ಹತ್ತ ಬೇ ಯವ್ವಾ" ಅಂದಳು ಮಗಳು. "ಸೆರಗ ಸೊಂಟಕ್ಕ ಸಿಗಸ್ಕೋ. ನೆಟ್ಟಗ ನಿಂದ್ರು."

"ನೆಟ್ಟಗ ನಿಂತೇನಲ್ಲ."

"ಇದ ನೆಟ್ಟಗೇನ?"

ಬ್ಯಾಚಿನವರು ನಕ್ಕರು. ತಾಯಿಯೂ ನಕ್ಕರು.

ಅವಳು ಸುಳಿ ನೋಡತೊಡಗಿದಳು. ದನಿ ತನ್ನ ಹಳೆಯ ಎತ್ತರಕ್ಕೆ ಹೋಗಿತ್ತು. ಬಲಭುಜ ಕೆಳಗೆ ಜೋತಿದೆ. ಬಲಗೈ ಕಿವಿಯವರೆಗೆ ಏಳುವುದಿಲ್ಲ, ಎತ್ತಿಸಿ ತೋರಿಸಿದಳು, ನಿಜಕ್ಕೂ ಏಳಲಿಲ್ಲ. ಬೆನ್ನಿನ ಮೇಲ್ಭಾಗ ಗೂನು. ತಲೆ ಮುಂದಕ್ಕೆ ಬಂದಿದೆ. ಎಡ ಮೊಣಕಾಲು ಒಳಗೆ ಬಾಗಿದೆ. ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ, ಎಳೆ ಹಿಡಿದ ಹಾಗೇ ನಿಂತಿವೆ. ನಡೆಯುವಾಗ ಬಲಗಡೆಗೆ ವಾಲುತ್ತಾರೆ. ಒಂದೊಂದನ್ನೂ ಬೆರಳಿಟ್ಟು ತೋರಿಸಿದಳು. ಪರೀಕ್ಷಕರು, "ಕಾರಣ?" ಎಂದರು. "ಕಂಡಿಕಿ ಸುತ್ತೂ ಕೆಲಸ. ನಲವತ್ತು ವರ್ಷದ ಮ್ಯಾಲಾತ್ರಿ." "ಮುಂದುವರಿದರೆ?" "ಭುಜ ಪೂರ್ತಿ ಹಿಡೀತೈತ್ರಿ. ಕೈ ಕೆಲಸಕ್ಕ ಬರಂಗಿಲ್ಲ."

ತಾಯಿಯ ನಗು ಎಲ್ಲಿ ನಿಂತಿತೋ ನಾನು ಗಮನಿಸಲಿಲ್ಲ. ಕೊನೆಗೆ ಅವರು ಎದುರಿನ ಕನ್ನಡಿ ನೋಡುತ್ತ ಮಗಳನ್ನು ಕೇಳಿದರು:

"ಇಷ್ಟೆಲ್ಲಾ ಆಗೇತೇನ ನನಗ?"

ಮಣೆ ಮೇಲೆ ನಿಂತವರು ಮಾತಾಡಬಾರದು ಎಂಬ ನಿಯಮ ಅವರಿಗೆ ಯಾರೂ ಹೇಳಿರಲಿಲ್ಲ. ಮಗಳು ಪರೀಕ್ಷಕರ ಕಡೆ ತಿರುಗಿ, "ಮುಗೀತ್ರಿ ಸರ್" ಅಂದಳು.

ಆಮೇಲೆ ತಾಯಿಗೆ ಸಣ್ಣ ಡಂಬೆಲ್ ಕೊಟ್ಟು ವ್ಯಾಯಾಮ ಮಾಡಿಸಿದಳು. ಪ್ರತಿ ಸಲವೂ, "ಉಸರ ಬಿಡ ಬೇ, ಎತ್ತೂ ಮುಂದ ಉಸರ ಬಿಡು" ಎಂದಳು. ಒಮ್ಮೆ ತಾಯಿ ನಡುವೆಯೇ ಮೂಗು ಒರೆಸಿಕೊಳ್ಳಲು ಹೋದಾಗ, "ನಿಂದ್ರು!" ಎಂದು ಒದರಿದಳು. ತಾಯಿ ನಿಂತರು.

ಮೂವರೂ ಪಾಸಾದೆವು. ಅವಳಿಗೆ ನಮ್ಮಿಬ್ಬರಿಗಿಂತ ಹೆಚ್ಚು ಅಂಕ. ನಿಲುವು ನೋಡುವ ಭಾಗದಲ್ಲಿ ಪೂರ್ತಿ ಬಂದಿತ್ತು. ಸರ್ಟಿಫಿಕೇಟ್ ತೆಗೆದುಕೊಳ್ಳಲು ಬಂದ ದಿನ ಅವಳು ಸರ್ ಅವರನ್ನು ನೇರವಾಗಿ ಕೇಳಿದಳು. ಎದುರಿಗೆ ನಾನೂ ಮೊಸಳಿಯೂ ಇದ್ದೆವು.

"ಸರ್, ಮ್ಯಾಲಿನ ಬ್ಯಾಚ್?"

"ಸರ್ಟಿಫಿಕೇಟ್ ನಿಂದು, ನಾ ಏನೂ ಕಸಗೊಂಡಿಲ್ಲ. ಮ್ಯಾಲಿನ ಮಜಲಿ ನಂದಲ್ಲ ಯವ್ವಾ, ಸಾವಕಾರರ ಅಳಿಯಂದು."

"ಎಲ್ಲಾರ ಮುಂದ ಅಂದಿದ್ರಿ."

"ಅಂದಿದ್ದೆ. ಸಾವಕಾರ್ರು ಎಲ್ಲಾರ ಮುಂದ ಬಿದ್ರು."

ಅವಳು ಕಾಗದವನ್ನು ಎರಡಾಗಿ ಮಡಚಲು ಹೋಗಿ, ನಿಲ್ಲಿಸಿ, ಹಾಗೇ ಹಿಡಿದುಕೊಂಡು ಹೋದಳು.

ಮೊಸಳಿಗೂ ಕೆಲಸ ಸಿಗಲಿಲ್ಲ. ಅವನು ನಕ್ಕಿದ್ದು ಸಾವಕಾರರಿಗೆ ನೆನಪಿತ್ತು. ಕೆಲಸ ನನಗೆ ಬಂತು. ಸಾವಕಾರರು ಸ್ವಲ್ಪ ದಿನ ಬಿಟ್ಟು ಮತ್ತೆ ಬರತೊಡಗಿದರು, ಈಗ ಅವರ ಟ್ರೇನರ್ ನಾನು. ಬೆಂಚಿನ ಮೇಲೆ ಮಲಗುವುದಿಲ್ಲ, ಕೂತು ಮಾಡುವುದನ್ನಷ್ಟೇ ಮಾಡುತ್ತಾರೆ. ಅವರ ತೂಕ ಇಳಿದಿದೆ.

ಮೇಲಿನ ಮಜಲಿನಲ್ಲಿ ಹೆಂಗಸರ ಬ್ಯಾಚ್ ಶುರುವಾಯಿತು. ಹುಬ್ಬಳ್ಳಿಯಿಂದ ಒಬ್ಬ ಟ್ರೇನರ್ ಬಂದಳು, ಮದುವೆಯಾಗಿ ಹೋದಳು. ಇನ್ನೊಬ್ಬಳಿಗೆ ಊರು ಹಿಡಿಸಲಿಲ್ಲ. ಈಗ ಬಾಗಿಲಿಗೆ 'ಮಹಿಳಾ ಟ್ರೇನರ್ ಬೇಕಾಗಿದ್ದಾರೆ' ಎಂಬ ಬೋರ್ಡ್ ಹಚ್ಚಿದೆ. ಬನಹಟ್ಟಿಯ ಹುಡುಗಿ ಅದನ್ನು ನೋಡಿ ಸರ್‌ಗೆ ಫೋನ್ ಮಾಡಿದ್ದಳು. ಸರ್ ಎತ್ತಲಿಲ್ಲ. ಮುಧೋಳದ ಒಂದು ಜಿಮ್‌ನಲ್ಲೂ ಕೇಳಿದ್ದಳು. ಅಲ್ಲಿಯವರು ಪೈಲ್ವಾನ್ ಸರ್‌ಗೆ ಫೋನ್ ಮಾಡಿ ವಿಚಾರಿಸಿದರು. ಸರ್, "ಹುಡುಗಿ ಭಾಳ ಶಾಣ್ಯಾ ಅದಾಳ" ಎಂದು ಹೇಳಿ, ಆಮೇಲೆ ಸಾವಕಾರರ ಕತೆಯನ್ನೂ ಹೇಳಿದರು. ಆ ಕಡೆ ನಕ್ಕದ್ದು ನನಗೆ ಕೇಳಿಸಿತು. ಮುಧೋಳದವರು ಬೇರೆಯವರನ್ನು ತೆಗೆದುಕೊಂಡರು.

ಹೋದ ವಾರ ಅವಳಿಗೆ ಫೋನ್ ಮಾಡಿದ್ದೆ. ತಾಯಿಯ ಬಲಭುಜ ಪೂರ್ತಿ ಹಿಡಿದಿದೆ, ಕೈ ಮೇಲೇಳುವುದಿಲ್ಲ. ದೀಪಾವಳಿಯಿಂದ ಮನೆಯ ಕಂಡಿಕಿಗಳನ್ನೆಲ್ಲ ಮಗಳೇ ಸುತ್ತುತ್ತಿದ್ದಾಳೆ.